ಕ್ಲಚ್ಚಮ್ಮನ ಟರ್ಬೊ

ಡ್ರೈವಿಂಗ್ ಪರೀಕ್ಷೆ ನಡೆಸುವ ಸಾಹೇಬರು ಕಾರಿನಿಂದ ಇಳಿದರು. ಕಡತವನ್ನು ಕಂಕುಳಲ್ಲಿ ಇರುಕಿಕೊಂಡು, ಬೂಟುಗಳನ್ನು ಒಮ್ಮೆ ನೋಡಿಕೊಂಡು, ಏರು ರಸ್ತೆಯನ್ನು ನಡೆದೇ ಹತ್ತತೊಡಗಿದರು. ಹಿಂದಿನ ಸೀಟಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಬೇಕರಿಯವನೂ ಇಳಿದು ಅವರ ಬೆನ್ನು ಹಿಡಿದ. ಕಾರಿನೊಳಗೆ ಉಳಿದವರು ಇಬ್ಬರು. ಸ್ಟೀರಿಂಗ್ ಹಿಡಿದಿದ್ದವರು ಹೆರಿಗೆ ಆಸ್ಪತ್ರೆಯಿಂದ ಹೋದ ವರ್ಷ ನಿವೃತ್ತರಾದ ನರ್ಸ್. ಪಕ್ಕದ ಸೀಟಿನಲ್ಲಿದ್ದವಳು ಅವರಿಗೆ ಕಾರು ಕಲಿಸಿದ ಕ್ಲಚ್ಚಮ್ಮ.

"ಮೇಡಂ, ನಾನೇನು ತಪ್ಪು ಮಾಡಿದೆ ಹೇಳಿ?" ನರ್ಸಮ್ಮ ಸ್ಟೀರಿಂಗ್ ಬಿಡದೆ ಕೇಳಿದರು.

"ನೀವೇನೂ ಮಾಡಿಲ್ಲ. ಕ್ಲಚ್ ಸರಿಯಾಗೇ ಬಿಟ್ರಿ, ಆಕ್ಸಿಲರೇಟರ್ ಸರಿಯಾಗೇ ಒತ್ತಿದ್ರಿ. ಕಾರಿಗೇ ಉಸಿರು ಸಾಲ್ತಿಲ್ಲ."

"ಹಂಗಾದ್ರೆ ಪಾಸಾ?"

ಕ್ಲಚ್ಚಮ್ಮ ಏರಿನ ಮೇಲಕ್ಕೆ ನೋಡಿದಳು. ಏರಿನ ತುದಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತು ಏದುಸಿರು ಬಿಡುತ್ತಿದ್ದ ಸಾಹೇಬರು ಕಡತದಲ್ಲಿ ಏನೋ ಗೀಚುವುದು ಅಲ್ಲಿಂದಲೇ ಕಾಣುತ್ತಿತ್ತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಬೇಕು, ಅದು ನಿಯಮ. ಕಾರು ಹೊರಡಲಿಲ್ಲ. ಯಾಕೆ ಹೊರಡಲಿಲ್ಲ ಎಂದು ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ.

ಕ್ಲಚ್ಚಮ್ಮ ಎಂಬುದು ಅವಳಿಗೆ ಊರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಅದೇ ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರ ಕಿವಿಯಲ್ಲಿ "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು!" ಎಂದು ಕೂಗಿ ಕೂಗಿ ಗಂಟಲೂ ಒರಟಾಗಿತ್ತು, ಹೆಸರೂ ಅಂಟಿಕೊಂಡಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದು ತಡವಾಗುತ್ತದೆ. ಊರಿನ ಬಹುಪಾಲು ಚಾಲಕರು ಅವಳ ಕೈಕೆಳಗೆ ಪಳಗಿದವರು. ಸಂತೆಬೀದಿಯಲ್ಲಿ ಅವಳು ನಡೆದು ಬರುವುದು ಕಂಡರೆ ಸಾಕು, ಒಂದು ಕೈಯಲ್ಲಿ ಗಾಡಿ ಓಡಿಸುವವರು ಥಟ್ಟನೆ ಇನ್ನೊಂದು ಕೈಯನ್ನೂ ಸ್ಟೀರಿಂಗಿಗೆ ತರುತ್ತಿದ್ದರು.

ಕಾರು ಹಳೆಯದೇ, ಆದರೆ ರೋಗಿಷ್ಠವಲ್ಲ. ತೊಂದರೆಯೆಲ್ಲ ಊರಿನದು. ಊರು ಇರುವುದು ಬೆಟ್ಟದ ನೆತ್ತಿಯಲ್ಲಿ. ಅಲ್ಲಿ ಗಾಳಿ ತೆಳು. ಕೆಳಗಿನ ಊರುಗಳಲ್ಲಿ ನಾಲ್ವರನ್ನು ಹೊತ್ತು ಹಾರಾಡುವ ಕಾರು ಇಲ್ಲಿಗೆ ಬಂದರೆ ಐದನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲೆಲ್ಲ ಪರೀಕ್ಷೆ ನಡೆಯುತ್ತಿದ್ದದ್ದು ಸಮತಟ್ಟಾದ ಮೈದಾನದ ಸುತ್ತ. ಈ ವರ್ಷ ಬಂದ ಹೊಸ ಸಾಹೇಬರು ಅದನ್ನು ಟ್ಯಾಂಕಿನ ಏರಿಗೆ ಎತ್ತಿ ಹಾಕಿದ್ದರು. "ಈ ಊರಲ್ಲಿ ಓಡಿಸೋರಿಗೆ ಏರು ಬರ್ಬೇಕು" ಎಂಬುದು ಅವರ ವಾದ. ಅದು ಸರಿಯೆಂದು ಕ್ಲಚ್ಚಮ್ಮನಿಗೂ ಒಳಗೊಳಗೇ ಅನ್ನಿಸಿತ್ತು. ಅದಕ್ಕೇ ಜಗಳ ಮಾಡುವುದಕ್ಕೂ ಬಾಯಿ ಬಂದಿರಲಿಲ್ಲ.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತಲೇ ಇದ್ದಳು, ತುತ್ತು ಬಾಯಿಗೆ ಹೋಗಲಿಲ್ಲ. ಗಂಡ ಗಮನಿಸಿದ. ಅವನು ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಡಿಮೆ, ಆಡಿದರೆ ಸೂಜಿಯಷ್ಟು ಚಿಕ್ಕದು, ಅಷ್ಟೇ ಮೊನಚು.

"ಏನಾಯ್ತೇ?"

"ಸಾಹೇಬ್ರನ್ನ ನಡೆಸಿಬಿಟ್ಟೆ."

"ಒಳ್ಳೇದೇ. ಅವರ ಪ್ಯಾಂಟಿನ ಸೊಂಟ ನಾನೇ ಎರಡು ಸಲ ಬಿಚ್ಚಿ ಅಗಲ ಮಾಡಿದೀನಿ."

ಎದುರಿಗೆ ಕೂತಿದ್ದ ಮೈದುನ ಪಂಪಣ್ಣ ನೀರು ಕುಡಿಯುತ್ತಿದ್ದವನು ನಗು ತಡೆಯಲಾರದೆ ನೆತ್ತಿಗೇರಿಸಿಕೊಂಡ. ಪಂಪಣ್ಣ ಗಂಡನ ತಮ್ಮ. ಮದುವೆಯಾಗಲಿಲ್ಲ, ಹಿತ್ತಿಲಿನ ಶೆಡ್ಡಿನಲ್ಲಿ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತ, ಊಟಕ್ಕೆ ಅಣ್ಣನ ಮನೆಗೆ ಬರುತ್ತ ನಲವತ್ತೆಂಟು ದಾಟಿದ್ದ. ಊರಿನ ಯಾವ ಬಾವಿಯ ಪಂಪು ಕೆಟ್ಟರೂ ಅವನೇ ಬೇಕು. ಅವನಿಗೆ ಇದ್ದದ್ದು ಒಂದೇ ದೋಷ: ತನ್ನ ಖುಷಿಗೆಂದು ಹಿಡಿದ ಯಾವ ಕೆಲಸವನ್ನೂ ಅವನು ಮುಗಿಸಿದ್ದಿಲ್ಲ. ಶೆಡ್ಡಿನ ಹಿಂದೆ ಅರ್ಧ ಗಾಳಿಯಂತ್ರ, ಅರ್ಧ ದೋಣಿ, ಮುಕ್ಕಾಲು ಬಟ್ಟೆ ಒಗೆಯುವ ಮಷಿನ್ನು ಸಾಲಾಗಿ ಬಿದ್ದಿದ್ದವು.

ಕೆಮ್ಮು ನಿಂತ ಮೇಲೆ ಅವನು, "ಅತ್ತಿಗೆ, ಒಂದು ಮಾತು ಹೇಳ್ಲಾ? ಬೈಬಾರ್ದು" ಎಂದ.

"ಬೈಯೋ ಮಾತಾದ್ರೆ ಬೈತೀನಿ. ಹೇಳು."

"ಕಾರಿಗೆ ಟರ್ಬೊ ಹಾಕೋಣ."

ಕ್ಲಚ್ಚಮ್ಮ ತುತ್ತನ್ನು ತಟ್ಟೆಗೆ ಬಿಟ್ಟಳು. "ನಿನಗೇನು ತಲೆ ಕೆಟ್ಟಿದೆಯೇನೋ? ಬ್ರೇಕ್ ಯಾವ್ದು ಆಕ್ಸಿಲರೇಟರ್ ಯಾವ್ದು ಗೊತ್ತಿಲ್ದೋರನ್ನ ಕೂರಿಸ್ಕೊಂಡು ಹೋಗೋ ಗಾಡಿ ಅದು. ಟರ್ಬೊ ಅಂತೆ!"

"ರೇಸಿಗಲ್ಲ ಅತ್ತಿಗೆ, ಕೇಳಿ ಇಲ್ಲಿ." ಅವನು ಎಡಗೈಯಲ್ಲಿ ಲೋಟವನ್ನು ಮೇಜಿನ ನಡುವೆ ಎಳೆದ. "ಇದು ಎಂಜಿನ್ನು. ಕೆಳಗಿನ ಊರಲ್ಲಿ ಒಂದೊಂದು ಸಲ ಉಸಿರು ಎಳ್ಕೊಂಡಾಗ್ಲೂ ಲೋಟ ಪೂರ್ತಿ ತುಂಬುತ್ತೆ. ನಮ್ಮೂರಲ್ಲಿ ಇಲ್ಲೀವರೆಗೆ ಮಾತ್ರ." ಲೋಟದ ಮುಕ್ಕಾಲಿಗಿಂತ ತುಸು ಮೇಲೆ ಬೆರಳಿಟ್ಟ. "ಟರ್ಬೊ ಅಂದ್ರೆ ಗಾಳಿ ಪಂಪು ಅಷ್ಟೇ. ಹೊಗೆ ಹೊರಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದರ ಜೊತೆ ಇನ್ನೊಂದು ಚಕ್ರ ತಿರುಗಿ ಗಾಳೀನ ಒಳಗೆ ನೂಕುತ್ತೆ. ಈ ಬೆರಳಿನ ಮೇಲೆ ಖಾಲಿ ಇದೆಯಲ್ಲ, ಅಷ್ಟನ್ನ ತುಂಬಿಸೋಣ. ಒಂದು ಹನೀನೂ ಹೆಚ್ಚು ಬೇಡ. ಹುಟ್ಟಿದ ಊರಲ್ಲಿ ಉಸಿರಾಡಿದಷ್ಟೇ ಉಸಿರು. ಅಷ್ಟಕ್ಕೆ ಎಂಜಿನ್ ಬಿಚ್ಚೋದು ಬೇಡ, ಪೆಟ್ರೋಲ್ ಬಿಡೋ ಸಾಮಾನು ಬದಲಾಯ್ಸೋದು ಬೇಡ, ಏನೂ ಬೇಡ. ಗುಜರಿ ಸಾಮಾನಲ್ಲೇ ಆಗ್ಹೋಗುತ್ತೆ."

ಹೊಸ ಕಾರಿನ ಮಾತು ಆ ಮನೆಯಲ್ಲಿ ಏಳುವಂತಿರಲಿಲ್ಲ. ಕ್ಲಚ್ಚಮ್ಮ ಲೋಟವನ್ನೇ ನೋಡುತ್ತ ಕೂತಳು. ಮೈದುನ ಹುಚ್ಚನಿರಬಹುದು, ಪಂಪಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಾದದ್ದು ಅವಳು ಕಂಡಿರಲಿಲ್ಲ.

"ಶಾಲೆ ರಜೆ ಹದಿನೈದು ದಿನ ಇದೆ, ಪಾಠ ಕಡಿಮೆ" ಎಂದಳು ಕೊನೆಗೆ. "ಅಷ್ಟರೊಳಗೆ ಮುಗೀಬೇಕು. ಅರ್ಧಕ್ಕೆ ಬಿಟ್ಟು ನನ್ನ ಕಾರನ್ನ ನಿನ್ನ ದೋಣಿ ಪಕ್ಕ ನಿಲ್ಲಿಸಿದ್ರೆ, ಮನೇಲಿ ಊಟ ಇಲ್ಲ. ಇನ್ನೊಂದು. ಮೊದಲು ಬ್ರೇಕು. ಬ್ರೇಕಿಗೆ ಹೊಸ ಪ್ಯಾಡು ಹಾಕಿ ಆಮೇಲೆ ನಿನ್ನ ಗಾಳಿ ಪಂಪು."

"ಆಯ್ತು ಅತ್ತಿಗೆ."

"ಊಟಕ್ಕೇ ಕೈ ಹಾಕಿದಾಳೆ. ಈ ಸಲ ಮುಗಿಸ್ತೀಯ ಬಿಡು" ಎಂದ ಗಂಡ.

ಗುಜರಿ ಅಂಗಡಿ ಊರ ಹೊರಗಿತ್ತು. ಯಜಮಾನ ಎಪ್ಪತ್ತರ ಮುದುಕ. ಕ್ಲಚ್ಚಮ್ಮನ ಶಿಷ್ಯನಲ್ಲದ ಕೆಲವೇ ಜನರಲ್ಲಿ ಒಬ್ಬ. ಹಿಂದಿನಿಂದ ಜಜ್ಜಿಹೋದ ಒಂದು ಸಣ್ಣ ಕಾರು ಅಲ್ಲಿ ಬಿದ್ದಿತ್ತು. ಕಾರ್ಖಾನೆಯಿಂದಲೇ ಟರ್ಬೊ ಇಟ್ಟುಕೊಂಡು ಬಂದ ಪೆಟ್ರೋಲ್ ಕಾರು ಅದು. ಮುಂಭಾಗಕ್ಕೆ ಏಟು ಬಿದ್ದಿರಲಿಲ್ಲ. ಪಂಪಣ್ಣ ಒಂದು ಗಂಟೆ ಅದರ ಬಾನೆಟ್ಟಿನೊಳಗೆ ತಲೆ ತೂರಿಸಿ, ಕೊನೆಗೆ ಕಬ್ಬಿಣದ ಬಸವನಹುಳುವಿನಂಥ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಮಗುವನ್ನು ತೋರಿಸುವಂತೆ ತೋರಿಸಿದ.

"ಬೆರಳು ಹಾಕಿ ಅಲ್ಲಾಡಿಸಿ ನೋಡಿ ಅತ್ತಿಗೆ. ಅಡ್ಡಡ್ಡ ಕೂದಲೆಳೆಯಷ್ಟು ಆಡಿದ್ರೆ ಪರವಾಗಿಲ್ಲ, ಅದು ಎಣ್ಣೆಗೆ ಬಿಟ್ಟಿರೋ ಜಾಗ. ಹಿಂದೆ ಮುಂದೆ ಆಡಬಾರದು. ಆಡಿದ್ರೆ ಸತ್ತಂಗೆ."

ಅವಳು ಚಕ್ರದ ಮೂಗನ್ನು ಹಿಡಿದು ಎಳೆದಳು, ನೂಕಿದಳು. ಆಡಲಿಲ್ಲ. ತಿರುಗಿಸಿದಳು. ಕೈ ಬಿಟ್ಟ ಮೇಲೂ ಸದ್ದಿಲ್ಲದೆ ಎರಡು ಸುತ್ತು ತಿರುಗಿತು. ಅವಳಿಗೆ ಅರಿವಿಲ್ಲದೆಯೇ ಮುಖ ಅರಳಿತು.

ಮುದುಕ ಬೆಲೆ ಹೇಳಲು ಬಾಯಿ ತೆರೆದವನು ಪಂಪಣ್ಣನ ಮುಖ ನೋಡಿ ಬಾಯಿ ಮುಚ್ಚಿದ. ಮುದುಕನ ಬಾವಿಯ ಪಂಪು ನಾಲ್ಕು ತಿಂಗಳಿಂದ ನಿಂತಿತ್ತು. "ಅದನ್ನ ಓಡಿಸಿ ಕೊಡು. ಇದನ್ನ ತಗೊಂಡು ಹೋಗು. ಗಾಳಿ ತಂಪು ಮಾಡೋ ಆ ಸಣ್ಣ ರೇಡಿಯೇಟರನ್ನೂ, ಪೈಪುಗಳನ್ನೂ ತಗೊ" ಎಂದ. ಸಂಜೆಯೊಳಗೆ ಅವನ ಬಾವಿಯಲ್ಲಿ ನೀರು ಮೇಲೆ ಬಂತು.

ಮುಂದಿನ ದಿನಗಳು ಹಿತ್ತಿಲಿನಲ್ಲಿ ಹಬೆಯಾಡಿದವು. ಮೊದಲೆರಡು ದಿನ ಬ್ರೇಕಿಗೆ. ಆಮೇಲೆ ದಪ್ಪ ಉಕ್ಕಿನ ಕೊಳವೆಯ ಬಾಗುಗಳನ್ನು ಕತ್ತರಿಸಿ, ಎಂಜಿನ್ನಿನ ನಾಲ್ಕು ಹೊಗೆಬಾಯಿಗಳನ್ನು ಒಂದು ಮಾಡಿ ಟರ್ಬೊಗೆ ಸೇರಿಸುವ ಮ್ಯಾನಿಫೋಲ್ಡನ್ನು ಪಂಪಣ್ಣ ಬೆಸುಗೆ ಹಾಕಿದ. ಮೊದಲನೆಯದು ತಣ್ಣಗಾಗುವಾಗ ಟಣ್ಣೆಂದು ಸೀಳಿತು. ಅವನು ಮುಖ ಸಪ್ಪಗೆ ಮಾಡಿಕೊಂಡು ಶೆಡ್ಡಿನ ಮೂಲೆಯಲ್ಲಿ ಕೂತ. ಕ್ಲಚ್ಚಮ್ಮ ಹೋಗಿ ಎದುರಿಗೆ ನಿಂತಳು. ದೋಣಿಯ ಕಡೆ ಒಮ್ಮೆ ನೋಡಿದಳು ಅಷ್ಟೇ. ಅವನು ಎದ್ದು ಎರಡನೆಯದನ್ನು ಶುರುಮಾಡಿದ. ಈ ಸಲ ಬೆಸುಗೆ ಹಾಕಿದ್ದನ್ನು ಬಿಸಿ ಮರಳಿನೊಳಗೆ ಹೂತಿಟ್ಟು ನಿಧಾನವಾಗಿ ಆರಲು ಬಿಟ್ಟ. ಸೀಳಲಿಲ್ಲ.

ಟರ್ಬೊದ ಬಿಸಿ ಪಕ್ಕದ ವೈರುಗಳಿಗೆ ತಗಲದಂತೆ ಹೊದಿಕೆ ಬೇಕಾಯಿತು. ಕೊಳ್ಳುವ ಹೊದಿಕೆ ದುಬಾರಿ. ಗುಜರಿಯಲ್ಲಿ ಸಿಕ್ಕ ಗಾಜಿನ ನಾರಿನ ಬಟ್ಟೆಯನ್ನು ಪಂಪಣ್ಣ ಅಣ್ಣನ ಮುಂದಿಟ್ಟ. ದರ್ಜಿ ಟೇಪು ಹಿಡಿದು ಕಬ್ಬಿಣದ ಆ ಬಸವನಹುಳುವಿನ ಸುತ್ತಳತೆ ತೆಗೆದುಕೊಂಡ.

"ಇಂಥ ಗಿರಾಕಿ ಮೊದಲ್ನೇ ಸಲ. ಕುತ್ತಿಗೆ ಇಲ್ಲ, ತೋಳೂ ಇಲ್ಲ" ಎಂದ. ತೆಳು ಉಕ್ಕಿನ ತಂತಿಯನ್ನೇ ದಾರ ಮಾಡಿಕೊಂಡು, ಕೈಯಲ್ಲೇ ಹೊಲಿದು, ಗುಂಡಿಗಳ ಜಾಗಕ್ಕೆ ಕೊಕ್ಕೆ ಇಟ್ಟು ಅಂಗಿಯೊಂದನ್ನು ತೊಡಿಸಿದ. ಎಲ್ಲೂ ಒಂದು ಸುಕ್ಕಿರಲಿಲ್ಲ. ಗಾಜಿನ ನಾರು ಮೈಗೆ ಚುಚ್ಚಿ ಎರಡು ದಿನ ಕೈ ಕೆರೆದುಕೊಳ್ಳುತ್ತ ಓಡಾಡಿದ. ಅಂಗಡಿಗೆ ಬಂದವರು ಏನಾಯಿತೆಂದು ಕೇಳಿದರೆ, "ಕಾರಿಗೆ ಅಂಗಿ ಹೊಲಿದೆ" ಎನ್ನುತ್ತಿದ್ದ. ಯಾರೂ ನಂಬಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಕಾರನ್ನು ಬೀದಿಗಿಳಿಸಿದರು. ನೂರು ಮೀಟರ್ ಹೋಗುವಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆ ಬುಸುಬುಸು ಎಂದು ಏಳತೊಡಗಿತು. ಇಡೀ ಬೀದಿ ಮುಚ್ಚಿಹೋಯಿತು. ಜನ ಕಿಟಕಿಗಳನ್ನು ಪಟಪಟನೆ ಹಾಕಿಕೊಂಡರು. ಹೊಗೆಯ ನಡುವಿನಿಂದ ಟ್ಯಾಕ್ಸಿ ಓಡಿಸುವವನೊಬ್ಬನ ದನಿ ಕೇಳಿಸಿತು: "ಕ್ಲಚ್ಚಮ್ಮಾ, ಸೊಳ್ಳೆಗೆ ಹೊಡೀತಿದೀರಾ? ನಮ್ಮ ಬೀದಿಗೂ ಬನ್ನಿ!"

ಅವಳು ನಾಚಿಕೆಯಿಂದ ಕುಗ್ಗಿಹೋದಳು. ಕಾರನ್ನು ತಳ್ಳಿಕೊಂಡು ವಾಪಸ್ ತಂದರು. ಟರ್ಬೊ ಕೆಟ್ಟಿದೆ ಎಂದು ಪಂಪಣ್ಣ ತಲೆಗೆ ಕೈಹೊತ್ತು ಕೂತ. ಚಕ್ರ ಆಡುತ್ತಿರಲಿಲ್ಲ, ಎಣ್ಣೆ ಮಾತ್ರ ಎಲ್ಲಿಂದಲೋ ಹೊಗೆಕೊಳವೆಗೆ ಸೋರುತ್ತಿತ್ತು. ದರ್ಜಿ ತಾನು ಹೊಲಿದ ಅಂಗಿ ಸುಟ್ಟಿದೆಯೇ ಎಂದು ನೋಡಲು ಬಗ್ಗಿದವನು ಅಲ್ಲೇ ನಿಂತ.

"ಈ ರಬ್ಬರ್ ಪೈಪು ಏನೋ?"

"ಟರ್ಬೊದಿಂದ ಎಣ್ಣೆ ಕೆಳಗೆ ಇಳಿಯೋದಕ್ಕೆ."

"ಕೆಳಗಿಳಿಯೋ ಪೈಪು ನಡುವೆ ಜೋತು ಮತ್ತೆ ಯಾಕೆ ಮೇಲೆ ಹೋಗಿದೆ? ಲಂಗದ ಅಂಚು ಜೋತುಬಿದ್ದ ಹಾಗೆ ಇದೆ. ಅಲ್ಲಿ ಎಣ್ಣೆ ನಿಲ್ಲೋದಿಲ್ವಾ?"

ಪಂಪಣ್ಣ ನಾಲಿಗೆ ಕಚ್ಚಿಕೊಂಡ. ಟರ್ಬೊಗೆ ಎಣ್ಣೆ ಹೋಗುವುದು ಒತ್ತಡದಿಂದ. ಅಲ್ಲಿಂದ ಹೊರಬರುವುದು ಬರಿಯ ಇಳಿಜಾರಿನಿಂದ. ಆ ಪೈಪಿನಲ್ಲಿ ಬೆರಳು ದಪ್ಪದ ಒಂದು ಜೋಲು ಸಾಕು, ಎಣ್ಣೆ ದಾರಿ ಕಾಣದೆ ಬೇರೆ ಕಡೆ ನುಗ್ಗುತ್ತದೆ. ಮೂವತ್ತು ವರ್ಷ ನೀರಿನ ಪೈಪು ಜೋಡಿಸಿದವನ ಕಣ್ಣಿಗೆ ಬೀಳದ್ದು ಅಂಚು ಮಡಿಸುವವನ ಕಣ್ಣಿಗೆ ಬಿದ್ದಿತ್ತು. ಪೈಪನ್ನು ಗಿಡ್ಡ ಮಾಡಿ, ನೇರ ಮಾಡಿ, ಹಾಕಿದ ಮೇಲೆ ಹೊಗೆ ಮಾಯವಾಯಿತು.

ಆಮೇಲಿನ ಓಟವೇ ಓಟ. ಕ್ಲಚ್ಚಮ್ಮ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಪಂಪಣ್ಣ ತನ್ನ ಶೆಡ್ಡಿನ ಒತ್ತಡದ ಮೀಟರನ್ನು ತೊಡೆಯ ಮೇಲಿಟ್ಟುಕೊಂಡ, ಹಿಂದೆ ದರ್ಜಿ ಮತ್ತು ತೂಕಕ್ಕೆಂದು ಎರಡು ಪಂಪು. ಟ್ಯಾಂಕಿನ ಏರಿನ ನಡುವೆ ನಿಲ್ಲಿಸಿದಳು. ಕ್ಲಚ್ ಬಿಟ್ಟಳು. ಒಂದು ಗಳಿಗೆ ಏನೂ ಇಲ್ಲ; ಆಮೇಲೆ ಬಾನೆಟ್ಟಿನೊಳಗಿಂದ ದೂರದಲ್ಲಿ ಯಾರೋ ಸೀಟಿ ಹಾಕಿದ ಹಾಗೆ ಸಣ್ಣ ಸದ್ದು, ಅದರ ಬೆನ್ನಿಗೇ ಕಾರು ಮೆಲ್ಲಗೆ, ಯಾವ ಏದುಸಿರೂ ಇಲ್ಲದೆ ಏರಿತು. ಗಾಡಿ ಹಾರಲಿಲ್ಲ, ಎಗರಲಿಲ್ಲ. ಬೇರೆ ಊರಿನ ಕಾರುಗಳು ಹತ್ತುವ ಹಾಗೆ ಹತ್ತಿತು, ಅಷ್ಟೇ. ಟ್ಯಾಂಕಿನ ಬಳಿ ನಿಲ್ಲಿಸಿ ಅವಳು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, ಹತ್ತಿ ಬಂದ ಏರನ್ನು ಕನ್ನಡಿಯಲ್ಲಿ ನೋಡಿದಳು.

"ಹೇಗಿದೆ ಅತ್ತಿಗೆ?"

"ಚೆನ್ನಾಗಿದೆ ಕಣೋ" ಎಂದಳು. ಇನ್ನೂ ಏನಾದರೂ ಹೇಳಬೇಕೆನಿಸಿ, ಮತ್ತೆ, "ತುಂಬ ಚೆನ್ನಾಗಿದೆ" ಎಂದಳು.

ಮೀಟರನ್ನು ತೆಗೆಸಿದವಳು ಅವಳೇ. ಅದರ ಮುಳ್ಳು ಕುಣಿಯುವುದನ್ನು ನೋಡುತ್ತ ಕೂತರೆ ಕಲಿಯುವವರು ರಸ್ತೆ ನೋಡುವುದಿಲ್ಲ ಎಂಬುದು ಅವಳ ಲೆಕ್ಕ. ಆಗ ಅದು ಸರಿಯಾಗೇ ಕಂಡಿತ್ತು.

ನಾಲ್ಕು ದಿನದ ಮೇಲೆ ಅವಳು ಒಬ್ಬಳೇ ಕಾರು ತೆಗೆದುಕೊಂಡು ಟ್ಯಾಂಕಿನ ಏರಿಗೆ ಹೋದಳು. ಕಾರು ಎಂದಿಗಿಂತ ಚುರುಕಾಗಿತ್ತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಇದೇನು ಇವತ್ತು ಇಷ್ಟು ಹುರುಪು ಎಂದುಕೊಳ್ಳುವಷ್ಟರಲ್ಲಿ ಅವಳ ಕಿವಿ ನೆಟ್ಟಗಾಯಿತು. ಎಂಜಿನ್ನಿನ ಸದ್ದಿನ ಒಳಗೆ ಇನ್ನೊಂದು ಸದ್ದು: ತಗಡಿನ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲವೇನೋ. ಇಪ್ಪತ್ತೆರಡು ವರ್ಷ ಬೇರೆಯವರ ಕಾಲಿನ ಕೆಳಗಿನ ಎಂಜಿನ್ನನ್ನು ಕಿವಿಯಲ್ಲೇ ಕಾಯುತ್ತ ಬಂದವಳಿಗೆ ಕೇಳಿಸಿತು. ಕಾಲು ಎತ್ತಿದಳು. ಸದ್ದು ನಿಂತಿತು. ಅಲ್ಲೇ ತಿರುಗಿಸಿ, ಇಳಿಜಾರಿನಲ್ಲಿ ಮೆಲ್ಲಗೆ ಇಳಿಸಿಕೊಂಡು ಮನೆಗೆ ಬಂದಳು.

"ಪ್ಲಗ್ ಬಿಚ್ಚು" ಎಂದಳು ಮೈದುನನಿಗೆ.

ಅವನು ಯಾಕೆ ಎಂದು ಕೇಳಲಿಲ್ಲ. ಆಗಲೇ ಅವಳಿಗೆ ಅನುಮಾನ ಬಂತು. ಪೆಟ್ರೋಲಿಗೆ ಕಿಡಿ ಹಚ್ಚುವ ನಾಲ್ಕು ಪ್ಲಗ್ಗುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳು ಎರಡು ಮೂರು ಮಿನುಗುತ್ತಿದ್ದವು. ಅದು ಬೆಳ್ಳಿಯಲ್ಲ, ಪಿಸ್ಟನ್ನಿನ ಮೈಯಿಂದ ಎದ್ದ ಲೋಹ.

ಪಂಪಣ್ಣ ಅದನ್ನು ನೋಡಿದ. ಆಮೇಲೆ ತಲೆಯೆತ್ತದೆ, "ನಾನೇ ಅತ್ತಿಗೆ" ಎಂದ.

"ಏನು ನೀನೇ?"

"ಒತ್ತಡ ಜಾಸ್ತಿಯಾದ್ರೆ ಹೊಗೇನ ಪಕ್ಕದ ದಾರೀಲಿ ಬಿಡೋ ಒಂದು ಬಾಗಿಲಿದೆಯಲ್ಲ, ಅದರ ಕಡ್ಡೀನ ನಾಲ್ಕು ಸುತ್ತು ಬಿಗಿ ಮಾಡಿದೆ. ಮೊನ್ನೆ. ನೀವು ಅಂಗಡಿಗೆ ಹೋದಾಗ. ಗಾಳಿ ಅಳೆಯೋ ಸೆನ್ಸರಿಗೆ ಕೆಳಗಿನ ಊರಿನ ಗಾಳಿಯಷ್ಟೇ ಕಾಣೋದು. ಅದಕ್ಕಿಂತ ಮೇಲೆ ಹೋದ್ರೆ ಅದಕ್ಕೆ ಕಣ್ಣಿಲ್ಲ. ಗಾಳಿ ಜಾಸ್ತಿ ಹೋಯ್ತು, ಪೆಟ್ರೋಲು ಅಷ್ಟೇ ಬಂತು, ಒಳಗೆ ಬಿಸಿ ಏರಿ ಪಿಸ್ಟನ್ನನ್ನೇ ತಿಂತು..."

"ಗೊತ್ತಿದ್ದೂ ಮಾಡಿದ್ಯಾ?"

"ಗೊತ್ತಿತ್ತು." ಅವನ ದನಿ ಸಣ್ಣದಾಯಿತು. "ಟ್ಯಾಕ್ಸಿಯವನು 'ಇಷ್ಟೇನಾ ನಿನ್ನ ಟರ್ಬೊ' ಅಂತ ನಕ್ಕ. ಒಂದು ಸಲ, ಒಂದೇ ಸಲ, ಬೆನ್ನು ಸೀಟಿಗೆ ಒತ್ಕೊಳ್ಳೋ ಹಾಗೆ ಹೋಗ್ಲಿ ಅನ್ನಿಸ್ತು. ಒಂದಾದ್ರೂ ಪೂರ್ತಿ ಮುಗ್ಸಿದೆ ಅಂತ ತೋರಿಸ್ಬೇಕಿತ್ತು."

ಅವಳಿಗೆ ಬಾಯಿ ತುಂಬ ಬೈಗುಳ ಬಂದಿತ್ತು. ಆ ಕಾರಿನಲ್ಲಿ ಮರುದಿನ ನರ್ಸಮ್ಮ ಕೂರುವವರಿದ್ದರು. ಅದೊಂದನ್ನೇ ಹೇಳಿದಳು. ಅವನಿಗೆ ಅದು ಯಾವ ಬೈಗುಳಕ್ಕಿಂತಲೂ ಜಾಸ್ತಿ ತಾಗಿತು. ಅವನು ಸ್ಪ್ಯಾನರ್ ತೆಗೆದುಕೊಂಡು ಕಡ್ಡಿಯ ನಾಲ್ಕು ಸುತ್ತನ್ನೂ ಬಿಚ್ಚಿದ. ಮತ್ತೆ ಯಾರೂ, ತಾನೂ ಸೇರಿ, ತಿರುಗಿಸಲಾಗದ ಹಾಗೆ ಅದಕ್ಕೊಂದು ತಂತಿ ಬಿಗಿದು ಸೀಸದ ಮುದ್ರೆ ಒತ್ತಿದ. ಒಂದೊಂದು ಸಿಲಿಂಡರಿನ ಬಾಯಿಗೂ ಒತ್ತಡದ ಮೀಟರ್ ಹಿಡಿದು ನೋಡಿದರು. ನಾಲ್ಕೂ ಸಮ. ಬರಿಯ ಚರ್ಮ ತರಚಿತ್ತು, ಮೂಳೆಗೆ ತಗಲಿರಲಿಲ್ಲ. ಅವಳು ಬಕೆಟ್ಟಿನ ಮೇಲೆ ಕೂತು ದೀರ್ಘವಾಗಿ ಉಸಿರು ಬಿಟ್ಟಳು.

"ನಡಿ, ಹತ್ತು" ಎಂದಳು ಆಮೇಲೆ, ಚಾಲಕನ ಸೀಟು ತೋರಿಸಿ.

ಪಂಪಣ್ಣ ಬೆಚ್ಚಿದ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಹಿಂದೊಮ್ಮೆ ಅತ್ತಿಗೆಯ ಬಳಿಯೇ ಕಲಿಯಲು ಹೋಗಿ, ಮೂರನೆಯ ದಿನ ದೀಪದ ಕಂಬಕ್ಕೆ ಗುದ್ದಿ, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ಅತ್ತಿಗೆ, ನನಗೆ..."

"ಬರಲ್ಲ ಅಂತ ಗೊತ್ತು. ಪಕ್ಕದಲ್ಲಿ ಕೂತೋನಿಗೆ ಬೆನ್ನು ಒತ್ಕೊಳ್ಳೋದು ಮಾತ್ರ ಗೊತ್ತಾಗುತ್ತೆ. ಕಾಲಿನ ಕೆಳಗೆ ಏನಾಗ್ತಿದೆ ಅಂತ ಓಡಿಸೋನಿಗೇ ಗೊತ್ತಾಗೋದು. ಇಷ್ಟೆಲ್ಲ ಕಟ್ಟಿದೀಯ, ಒಂದ್ಸಲ ಓಡ್ಸಿ ನೋಡು. ಬ್ರೇಕು ನನ್ನ ಕಾಲಿನ ಕೆಳಗೂ ಇದೆ."

ಖಾಲಿ ಮೈದಾನಕ್ಕೆ ಹೋದರು. ಪಂಪುಗಳನ್ನು ಎಳೆದು ಎಳೆದು ಗಟ್ಟಿಯಾದ ಆ ಕೈಗಳು ಸ್ಟೀರಿಂಗನ್ನು ಬಿಗಿಯಾಗಿ ಅವಚಿಕೊಂಡಿರುವುದನ್ನು ಕ್ಲಚ್ಚಮ್ಮ ನೋಡಿದಳು, ನೋಡದವಳಂತೆ ಮುಂದೆ ದೃಷ್ಟಿಯಿಟ್ಟಳು. ಆರು ಸಲ ಎಂಜಿನ್ ಆಫ್ ಆಯಿತು. ಏಳನೆಯ ಸಲ ಕಾರು ಹೊರಟಿತು. ಮೈದಾನವನ್ನು ಒಂದು ಸುತ್ತು ಹಾಕಿ ಎರಡನೆಯ ಸುತ್ತಿಗೆ ಬರುವಾಗ ಸೀಟಿಯ ಸದ್ದು ಬಂತು. ಪಂಪಣ್ಣನ ಕಾಲು ತಾನಾಗಿಯೇ ಅಲ್ಲಿಗೇ ನಿಂತಿತು, ಅದಕ್ಕಿಂತ ಒತ್ತಲಿಲ್ಲ.

"ಇಷ್ಟು ಸಾಕಲ್ವಾ ಅತ್ತಿಗೆ?"

"ಸಾಕು. ಕ್ಲಚ್ಚು, ಕ್ಲಚ್ಚು, ಅಯ್ಯೋ..." ಅವಳು ಕೂಗಿದಳು. ಅವನು ಗಹಗಹಿಸಿ ನಗುತ್ತ ಒತ್ತಿದ.

ಮುಂದಿನ ವಾರ ಕಾರನ್ನು ಸಾರಿಗೆ ಕಚೇರಿಗೆ ಒಯ್ದರು. ಎಂಜಿನ್ನಿಗೆ ಹೊಸದೇನು ಸೇರಿಸಿದರೂ ಅಲ್ಲಿ ತೋರಿಸಿ ಒಪ್ಪಿಗೆ ಪಡೆಯಬೇಕು. ಅದೇ ಸಾಹೇಬರು. ಬಾನೆಟ್ ಎತ್ತಿ ನೋಡಿದವರು ಅಂಗಿ ತೊಟ್ಟ ಟರ್ಬೊದ ಮುಂದೆ ನಿಂತುಬಿಟ್ಟರು.

"ಯಾಕಮ್ಮ ಇದು?"

"ಏರಿಗೆ ಸಾಹೇಬ್ರೆ."

ಅವರು ತಮ್ಮ ಬೂಟುಗಳನ್ನು ಒಮ್ಮೆ ನೋಡಿಕೊಂಡರು. ಹೊಗೆ ಅಳೆದರು, ಸದ್ದು ಅಳೆದರು, ಬ್ರೇಕಿನ ಪರೀಕ್ಷೆಯನ್ನು ಮಾತ್ರ ಮೂರು ಸಲ ಮಾಡಿಸಿದರು. ಮೂರು ಸಲವೂ ಕಾರು ಗೆರೆಯ ಈಚೆಗೇ ನಿಂತಿತು. ಕಡ್ಡಿಗೆ ಒತ್ತಿದ ಸೀಸದ ಮುದ್ರೆಯನ್ನು ಉಗುರಿನಿಂದ ಕೆದಕಿ ನೋಡಿ, "ಇದು ಯಾರ ಬುದ್ಧಿ?" ಎಂದರು. ಪಂಪಣ್ಣ ಕೈಯೆತ್ತಿದ, ಶಾಲೆಯ ಹುಡುಗನ ಹಾಗೆ. ಕಾಗದಕ್ಕೆ ಮೊಹರು ಬಿತ್ತು.

ನರ್ಸಮ್ಮನ ಪರೀಕ್ಷೆ ಆ ಶುಕ್ರವಾರ. ಅದು ನಾಲ್ಕನೆಯದು. ಕಾರಿನಲ್ಲಿ ಮತ್ತೆ ನಾಲ್ವರು: ನರ್ಸಮ್ಮ, ಕ್ಲಚ್ಚಮ್ಮ, ಹಿಂದೆ ಸಾಹೇಬರು, ಬೇಕರಿಯವನು. ಏರಿನ ನಡುವೆ ನಿಲ್ಲಿಸಿ ಎಂದರು ಸಾಹೇಬರು; ಹಾಗೆನ್ನುತ್ತಲೇ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡರು. ನರ್ಸಮ್ಮ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದರು. ತುಟಿ ಕಚ್ಚಿಕೊಂಡು ಕ್ಲಚ್ ಬಿಡುತ್ತ ಬಂದರು. ಕಾರು ಒಂದಿಂಚೂ ಹಿಂದಕ್ಕೆ ಸರಿಯದೆ ಮುಂದೆ ಹೊರಟಿತು.

"ಅದೇನದು, ಸೀಟಿ ಹೊಡೆದ ಹಾಗೆ?" ಸಾಹೇಬರು ಮುಂದಕ್ಕೆ ಬಾಗಿದರು.

"ಸಾಹೇಬ್ರೆ, ಸಾವಿರಾರು ಹೆರಿಗೆ ಮಾಡ್ಸಿದೀನಿ. ಸದ್ದು ಬಂದ್ರೆ ಒಳ್ಳೇದು. ಬರ್ಲಿಲ್ಲ ಅಂದ್ರೆ ಗಾಬರಿ ಪಡ್ಬೇಕು" ಎಂದರು ನರ್ಸಮ್ಮ, ಕಣ್ಣು ರಸ್ತೆಯಿಂದ ತೆಗೆಯದೆ.

ಸಾಹೇಬರು ಬಾಗಿಲಿನಿಂದ ಕೈ ತೆಗೆದು ಹಿಂದಕ್ಕೆ ಒರಗಿ ಕೂತರು. ಟ್ಯಾಂಕಿನವರೆಗೂ ಕೂತೇ ಇದ್ದರು.

ಏರು ಮುಗಿದ ಮೇಲೆ ಹಿಂದಕ್ಕೆ ತಂದು ನಿಲ್ಲಿಸುವ ಪರೀಕ್ಷೆ. ಸುಲಭದ್ದು. ನರ್ಸಮ್ಮ ಏರು ಗೆದ್ದ ಸಂತೋಷದಲ್ಲಿ ಕನ್ನಡಿ ನೋಡುವುದನ್ನೇ ಮರೆತು, ಪ್ಲಾಸ್ಟಿಕ್ ಕಂಬವೊಂದನ್ನು ನೀಟಾಗಿ ಮಲಗಿಸಿದರು. ಸಾಹೇಬರು ನಿಟ್ಟುಸಿರು ಬಿಟ್ಟು ಕಡತದಲ್ಲಿ ಬರೆದರು. ಫೇಲು.

ಕ್ಲಚ್ಚಮ್ಮ ಸಮಾಧಾನದ ಮಾತು ಹುಡುಕುತ್ತ ತಿರುಗಿದರೆ ನರ್ಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು.

"ಮೇಡಂ, ಈ ಸಲ ತಪ್ಪು ನಂದೇ! ಪೂರ್ತಿ ನಂದೇ! ಕಾರಿಂದಲ್ಲ, ಏರಿಂದಲ್ಲ. ಮನೇಲಿ ತಲೆಯೆತ್ತಿ ಹೇಳ್ತೀನಿ, ಕಂಬ ನಾನೇ ಬೀಳ್ಸಿದೆ ಅಂತ."

ಬೇಕರಿಯವನು ಅದೇ ದಿನ ಪಾಸಾದ. ಮರುದಿನ ಒಂದು ಬುಟ್ಟಿ ಬ್ರೆಡ್ಡು ತಂದು ದರ್ಜಿಯ ಅಂಗಡಿಯ ಮೇಜಿನ ಮೇಲಿಟ್ಟು ಹೋದ. ನರ್ಸಮ್ಮ ಇನ್ನೊಂದು ತಿಂಗಳು ಕನ್ನಡಿ ನೋಡುವುದನ್ನು ಕಲಿತು ಐದನೆಯ ಸಲಕ್ಕೆ ಪಾಸಾದರು.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು? ಮೊದಲು ಬಂದವನು ಟ್ಯಾಕ್ಸಿಯವನೇ. ತನ್ನ ಗಾಡಿಗೂ ಒಂದು ಹಾಕಿಕೊಡಬೇಕು, ಆದರೆ "ಸ್ವಲ್ಪ ಜಾಸ್ತಿ ಒತ್ತಡ ಇರ್ಲಿ" ಎಂದ. ಪಂಪಣ್ಣ ಆಗುವುದಿಲ್ಲ ಎಂದ. ಕೆಳಗಿನ ಊರಿನಲ್ಲಿ ಇದ್ದಷ್ಟು, ಅದರ ಮೇಲೆ ಒಂದು ಸುತ್ತೂ ಇಲ್ಲ. ಮೊದಲು ಬ್ರೇಕು, ಕೊನೆಗೆ ಮುದ್ರೆ. ಟ್ಯಾಕ್ಸಿಯವನು ಮೂಗು ಮುರಿದು ಹೋದ, ನಾಲ್ಕು ದಿನ ಬಿಟ್ಟು ಒಪ್ಪಿಕೊಂಡು ಬಂದ. ಆಮೇಲೆ ಹಾಲಿನ ವ್ಯಾನಿನವಳು ಬಂದಳು. ಗುಜರಿಯ ಮುದುಕನಿಗೂ ಕೆಲಸ ಹೆಚ್ಚಿತು. ದರ್ಜಿ ಒಂದು ಜೊತೆ ದಪ್ಪ ಕೈಗವಸು ಕೊಂಡುಕೊಂಡು, ಗಾಜಿನ ನಾರು ಚುಚ್ಚದ ಹಾಗೆ ಅಂಗಿ ಹೊಲಿಯುವುದನ್ನು ರೂಢಿಸಿಕೊಂಡ.

ಪಂಪಣ್ಣ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ಎದ್ದು, ಗಿರಾಕಿಗಳು ಬರುವ ಮೊದಲು, ಅತ್ತಿಗೆಯ ಜೊತೆ ಒಂದು ಗಂಟೆ ಕಾರು ಕಲಿಯುತ್ತಾನೆ. ತಿರುವಿನಲ್ಲಿ ಇನ್ನೂ ಹೆದರಿಕೆ. ಪರೀಕ್ಷೆಗೆ ಅರ್ಜಿ ಹಾಕು ಎಂದರೆ, "ಇನ್ನೊಂದು ವಾರ" ಎನ್ನುತ್ತಾನೆ. ಅವಳು ಒತ್ತಾಯ ಮಾಡುವುದಿಲ್ಲ. ಪಾಠ ಮುಗಿಸಿ ಬರುವಾಗ ಬೀದಿಯ ಕೊನೆಯ ಅಂಗಡಿಯ ಮುಂದೆ ನಿಲ್ಲಿಸಿ, ಕಾರಿನಲ್ಲೇ ಕೂತು, ಅತ್ತಿಗೆ ಮೈದುನ ಇಬ್ಬರೂ ಒಂದೊಂದು ಲೋಟ ಚಹಾ ಕುಡಿಯುತ್ತಾರೆ. ಬಾನೆಟ್ಟಿನೊಳಗೆ ಬಿಸಿ ಲೋಹ ಆರುತ್ತ ಟಿಕ್ ಟಿಕ್ ಎನ್ನುತ್ತಿರುತ್ತದೆ. ಮೂರನೆಯ ಲೋಟವನ್ನು ಅಂಗಡಿಯವನು ತಟ್ಟೆ ಮುಚ್ಚಿ ಕೊಡುತ್ತಾನೆ, ಮನೆಯಲ್ಲಿ ಹೊಲಿಗೆ ಶುರುಮಾಡಿರುವವನಿಗೆ. ಅದು ಚೆಲ್ಲದ ಹಾಗೆ ಮನೆಯವರೆಗೆ ಓಡಿಸುವುದು ಪಂಪಣ್ಣನ ಪಾಲಿನ ಪಾಠ. ಮೊನ್ನೆ ಅರ್ಧ ಲೋಟ ಉಳಿದಿತ್ತು. ನಿನ್ನೆ ಮುಕ್ಕಾಲು.